ಮಧ್ಯರಾತ್ರಿಯ ರೊಟೇಷನ್ ನಂತರ ಹಿಂದಿನ ದಿನದ ಲಾಗ್ ಕಾಣೆಯಾಗುತ್ತಿದೆ, ಹಳೆಯ ಫೈಲ್‌ಗಳು ಅಳಿಯುತ್ತಿಲ್ಲ

ಪ್ರಶ್ನೆ

ಪೈಥಾನ್ 3.8ರಲ್ಲಿ ಬರೆದ ನಮ್ಮ ಅಪ್ಲಿಕೇಶನ್ ಲಿನಕ್ಸ್ ಸರ್ವರ್ ಒಂದರಲ್ಲಿ ನಾಲ್ಕು ವರ್ಕರ್ ಪ್ರೊಸೆಸ್‌ಗಳಾಗಿ ಓಡುತ್ತಿದ್ದು, ನಾಲ್ಕೂ ಒಂದೇ ಲಾಗ್ ಫೈಲ್‌ಗೆ (ಘಟನೆಗಳ ದಾಖಲೆಗೆ) ಬರೆಯುತ್ತವೆ. ನಿಗದಿತ ಸಮಯಕ್ಕೆ ಲಾಗ್ ಫೈಲ್ ಬದಲಿಸುವ (ಅಂದರೆ ರೊಟೇಷನ್ ಮಾಡುವ) ಪೈಥಾನ್‌ನ ಟೈಮ್ಡ್‌ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್ ಬಳಸಿ, ಪ್ರತಿ ಮಧ್ಯರಾತ್ರಿ ಫೈಲ್ ಬದಲಾಗುವಂತೆಯೂ ಹಳೆಯವು 14 ಮಾತ್ರ ಉಳಿಯುವಂತೆಯೂ ಹೊಂದಿಸಿದ್ದೇನೆ. ಓದಲು ಸುಲಭವಾಗಲಿ ಎಂದು ಹೆಸರಿನ ಕೊನೆಗೆ ಸೇರುವ ದಿನಾಂಕವನ್ನು ದಿನ-ತಿಂಗಳು-ವರ್ಷದ ಕ್ರಮಕ್ಕೆ ಬದಲಿಸಿದ್ದೇನೆ.

ಈಗ ಎರಡು ತೊಂದರೆಗಳಿವೆ. ಹಿಂದಿನ ದಿನದ ಫೈಲ್ ತೆರೆದರೆ ಇಡೀ ದಿನದ ಲಾಗ್ ಬದಲು ಕೆಲವೇ ಸಾಲುಗಳು ಸಿಗುತ್ತವೆ. ಜೊತೆಗೆ, 14ರ ಮಿತಿಯಿದ್ದರೂ ಅರುವತ್ತಕ್ಕೂ ಹೆಚ್ಚು ಫೈಲ್‌ಗಳು ಸೇರಿಕೊಂಡಿವೆ. ಡಿಸ್ಕ್‌ನಲ್ಲಿ ಜಾಗವಿದೆ, ಅನುಮತಿಗಳು ಸರಿಯಾಗಿವೆ, ದೋಷದ ಸಂದೇಶವೂ ಇಲ್ಲ. ಕಾರಣವೇನಿರಬಹುದು?

ಉತ್ತರ 1

ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಗಂಭೀರವಾದದ್ದು. ಈ ಹ್ಯಾಂಡ್ಲರ್ ಒಂದು ಪ್ರೊಸೆಸ್‌ನೊಳಗಿನ ಹಲವು ಥ್ರೆಡ್‌ಗಳನ್ನು (ಒಟ್ಟಿಗೆ ಓಡುವ ಕೆಲಸದ ಎಳೆಗಳನ್ನು) ಸಂಭಾಳಿಸುತ್ತದೆಯೇ ಹೊರತು, ಬೇರೆ ಪ್ರೊಸೆಸ್‌ಗಳು ಇವೆಯೆಂಬುದೇ ಅದಕ್ಕೆ ತಿಳಿದಿರುವುದಿಲ್ಲ. ರೊಟೇಷನ್ ನಡೆಯುವುದು ಗಡಿಯಾರ ಹನ್ನೆರಡು ಹೊಡೆದಾಗಲ್ಲ, ಅದಾದ ಮೇಲೆ ಆ ಪ್ರೊಸೆಸ್ ಮೊದಲ ಸಾಲು ಬರೆಯಲು ಹೊರಟಾಗ. ಹೀಗಾಗಿ ಮೊದಲ ವರ್ಕರ್ ಫೈಲ್‌ಗೆ ನಿನ್ನೆಯ ದಿನಾಂಕದ ಹೆಸರಿಟ್ಟು ಹೊಸದನ್ನು ತೆರೆಯುತ್ತದೆ. ಕೆಲವು ಕ್ಷಣಗಳ ನಂತರ ಎರಡನೆಯ ವರ್ಕರ್ ತನ್ನ ಪಾಲಿನ ರೊಟೇಷನ್ ಆರಂಭಿಸಿ, ಆ ಹೆಸರಿನ ಫೈಲ್ ಈಗಾಗಲೇ ಇರುವುದನ್ನು ಕಂಡು ಅದನ್ನು ಅಳಿಸಿ, ಆಗತಾನೇ ಹುಟ್ಟಿದ ಹೊಸ ಫೈಲ್‌ಗೆ ಅದೇ ಹೆಸರನ್ನು ಕೊಡುತ್ತದೆ. ನೀವು ಬಳಸುವ ಆವೃತ್ತಿಯಲ್ಲಿ ಈ ಅಳಿಸುವಿಕೆ ಯಾವ ಎಚ್ಚರಿಕೆಯೂ ಇಲ್ಲದೆ ಆಗುತ್ತದೆ. ಉಳಿದಿರುವ ಸಾಲುಗಳ ಸಮಯವನ್ನು ದಯವಿಟ್ಟು ನೋಡಿ. ಅವು ಮಧ್ಯರಾತ್ರಿಯ ನಂತರದವಾಗಿದ್ದರೆ ಇದೇ ಕಾರಣ.

ಎರಡನೆಯದು ಹೆಸರಿನದು. ಯಾವ ಫೈಲ್ ಹಳೆಯದೆಂದು ಗುರುತಿಸಲು ಹ್ಯಾಂಡ್ಲರ್ ತನ್ನದೇ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹೆಸರಿನ ಮಾದರಿಯನ್ನು ಹೋಲಿಸುವ ಸೂತ್ರ) ಇಟ್ಟುಕೊಂಡಿದೆ. ಅದು ನಾಲ್ಕಂಕಿಯ ವರ್ಷದಿಂದ ಆರಂಭವಾಗುವ ದಿನಾಂಕವನ್ನಷ್ಟೇ ಒಪ್ಪುತ್ತದೆ. ನೀವು ಸಫಿಕ್ಸ್ (ಹೆಸರಿನ ಕೊನೆಯ ದಿನಾಂಕದ ಭಾಗ) ಬದಲಿಸಿದಾಗ ಆ ಎಕ್ಸ್‌ಪ್ರೆಶನ್ ಬದಲಾಗಲಿಲ್ಲ, ಆದ್ದರಿಂದ ಹೊಸ ಕ್ರಮದ ಹೆಸರುಗಳು ಅದರ ಎಣಿಕೆಗೇ ಬರುತ್ತಿಲ್ಲ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಇದೆ: ನಿನ್ನೆಯ ಹೆಸರಿನ ಫೈಲ್‌ನಲ್ಲಿರುವ ಸಾಲುಗಳೆಲ್ಲ ಇಂದಿನವು, 00:00:02ರಿಂದ ಮುಂದಿನವು. ಹಾಗಾದರೆ ಆ ಎಕ್ಸ್‌ಪ್ರೆಶನ್ ಅನ್ನೂ ದಿನ-ತಿಂಗಳು-ವರ್ಷಕ್ಕೆ ಹೊಂದಿಸಿದರೆ ಸಾಕಾಗುವುದೇ? ಅಳಿದುಹೋದದ್ದನ್ನು ಮರಳಿ ಪಡೆಯಬಹುದೇ?

ಉತ್ತರ 1

ದಯವಿಟ್ಟು ಹಾಗೆ ಮಾಡಬೇಡಿ, ಅದರಿಂದ ಹಾನಿ ಹೆಚ್ಚುತ್ತದೆ. ಅಳಿಸಬೇಕಾದವುಗಳನ್ನು ಹ್ಯಾಂಡ್ಲರ್ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿ ಮೊದಲಿನವುಗಳನ್ನು ತೆಗೆಯುತ್ತದೆ. ಆ ಕ್ರಮದಲ್ಲಿ 05-03-2024 ಎಂಬುದು 28-02-2024ಕ್ಕಿಂತ ಮುಂಚೆ ಬರುವುದರಿಂದ, ಹೊಸ ಲಾಗ್ ಅಳಿದು ಹಳೆಯದು ಉಳಿಯುತ್ತದೆ. ವರ್ಷ-ತಿಂಗಳು-ದಿನದ ಕ್ರಮಕ್ಕೇ ಮರಳಿ; ಅದರಲ್ಲಿ ಅಕ್ಷರಕ್ರಮವೂ ಕಾಲಕ್ರಮವೂ ಒಂದೇ. ಈಗಾಗಲೇ ಸೇರಿರುವ ಫೈಲ್‌ಗಳನ್ನು ನೀವೇ ನೋಡಿ ತೆಗೆಯಬೇಕು.

ಅಳಿದ ಫೈಲ್ ಅನ್ನು ಯಾವುದಾದರೂ ಪ್ರೊಸೆಸ್ ಇನ್ನೂ ತೆರೆದಿಟ್ಟುಕೊಂಡಿದ್ದರೆ ಮಾತ್ರ ಅದರ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಸಿಸ್ಟಂ ಕೊಡುವ ಸಂಖ್ಯೆ) ಮೂಲಕ ನಕಲು ಮಾಡಿಕೊಳ್ಳಬಹುದು. ನಾಲ್ಕೂ ವರ್ಕರ್‌ಗಳು ರೊಟೇಷನ್ ಮುಗಿಸಿದ್ದರೆ ಆ ದಾರಿಯೂ ಇಲ್ಲ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ. ಪರಿಹಾರವಾಗಿ, ರೊಟೇಷನ್ ಕೆಲಸವನ್ನು ಅಪ್ಲಿಕೇಶನ್‌ನಿಂದ ಪೂರ್ತಿ ತೆಗೆದು ಲಿನಕ್ಸ್‌ನ ಲಾಗ್‌ರೊಟೇಟ್ ಎಂಬ ಪ್ರತ್ಯೇಕ ಉಪಕರಣಕ್ಕೆ ಒಪ್ಪಿಸಿ, ಅಪ್ಲಿಕೇಶನ್‌ನಲ್ಲಿ ವಾಚ್ಡ್‌ಫೈಲ್‌ಹ್ಯಾಂಡ್ಲರ್ ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದು ಪ್ರತಿ ಸಾಲು ಬರೆಯುವ ಮುನ್ನ ಫೈಲ್‌ನ ಐನೋಡ್ (ಡಿಸ್ಕ್‌ನಲ್ಲಿ ಆ ಫೈಲ್‌ಗಿರುವ ಗುರುತು ಸಂಖ್ಯೆ) ಬದಲಾಗಿದೆಯೇ ಎಂದು ನೋಡಿ, ಬದಲಾಗಿದ್ದರೆ ಹೊಸ ಫೈಲ್ ತೆರೆಯುತ್ತದೆ. ಹೆಸರು ಬದಲಿಸುವವರು ಒಬ್ಬರೇ ಆದಾಗ ಒಬ್ಬರ ಫೈಲ್ ಅನ್ನು ಇನ್ನೊಬ್ಬರು ಅಳಿಸುವ ಪ್ರಸಂಗವೇ ಬರುವುದಿಲ್ಲ.

ಲಾಗ್‌ರೊಟೇಟ್‌ನ ಕಾಪಿಟ್ರಂಕೇಟ್ ಆಯ್ಕೆಯನ್ನು ಇಲ್ಲಿ ಬಳಸಬೇಡಿ; ನಕಲು ಮಾಡುವುದಕ್ಕೂ ಮೂಲವನ್ನು ಖಾಲಿ ಮಾಡುವುದಕ್ಕೂ ನಡುವಿನ ಸಣ್ಣ ಅವಧಿಯಲ್ಲಿ ಬಂದ ಸಾಲುಗಳು ಕಳೆದುಹೋಗಬಹುದು. ಸಂಕುಚನ ಬೇಕಿದ್ದರೆ ಅದನ್ನು ಮುಂದಿನ ರೊಟೇಷನ್‌ವರೆಗೆ ಮುಂದೂಡುವ ಡಿಲೇಕಂಪ್ರೆಸ್ ಸೇರಿಸಿ, ಏಕೆಂದರೆ ನಿಧಾನವಾಗಿ ಎಚ್ಚರಗೊಳ್ಳುವ ವರ್ಕರ್ ಹಳೆಯ ಫೈಲ್ ಅನ್ನು ಇನ್ನೂ ತೆರೆದಿಟ್ಟುಕೊಂಡಿರಬಹುದು.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ಡೇಟ್‌ಎಕ್ಸ್ಟ್ ಆಯ್ಕೆ ಕೊಟ್ಟರೆ ಲಾಗ್‌ರೊಟೇಟ್ ತಾನು ಓಡಿದ ದಿನದ ದಿನಾಂಕವನ್ನು ಸೇರಿಸುತ್ತದೆ. ಮಧ್ಯರಾತ್ರಿಯ ನಂತರ ಓಡಿದಾಗ ನಿನ್ನೆಯ ಲಾಗ್‌ಗೆ ಇಂದಿನ ದಿನಾಂಕ ಬೀಳುವುದರಿಂದ, ಜೊತೆಗೆ ಡೇಟ್‌ಯೆಸ್ಟರ್‌ಡೇ ಆಯ್ಕೆಯನ್ನೂ ಕೊಡಿ.