ಟೆಕ್ಸಾಸ್‌ನಲ್ಲಿ ಜೋಳ ಸಿಗುತ್ತದೆ, ಒತ್ತಾಯ ಸಿಗುವುದಿಲ್ಲ

ಟೆಕ್ಸಾಸ್‌ನಲ್ಲಿರುವ ನಮ್ಮ ಕನ್ನಡದವರ ಗುಂಪಿನಲ್ಲಿ ಊರಿನ ಊಟದ ಮಾತು ಬಂದಾಗಲೆಲ್ಲ ಅದು ಮಸಾಲೆ ದೋಸೆ, ಬಿಸಿಬೇಳೆ ಬಾತ್, ಮದ್ದೂರು ವಡೆಗೆ ಬಂದು ನಿಲ್ಲುತ್ತದೆ. ನನಗೂ ಅವೆಲ್ಲ ಇಷ್ಟವೇ. ಆದರೆ ನಾನು ವಿಜಯಪುರದ ಕಡೆಯವಳು. ದೋಸೆ ತಿಂದರೆ ನನಗೆ ಊರು ನೆನಪಾಗುವುದಿಲ್ಲ, ಹೊಟ್ಟೆ ತುಂಬುತ್ತದೆ ಅಷ್ಟೇ. ಹಾಗಾಗಿ ನಮ್ಮ ಕಡೆಯವರ ಪರವಾಗಿ ನಾಲ್ಕು ಮಾತು.

ಮೊದಲು ಜೋಳ. ಬೇಸಿಗೆಯಲ್ಲಿ ಡಲ್ಲಾಸ್‌ನಿಂದ ಕಾರ್ಪಸ್ ಕ್ರಿಸ್ಟಿ ಕಡೆಗೆ ಕಾರಿನಲ್ಲಿ ಹೋದವರು ನೋಡಿರುತ್ತೀರಿ. ಸಮುದ್ರ ಹತ್ತಿರ ಬಂದಂತೆ ರಸ್ತೆಯ ಎರಡೂ ಕಡೆ ಕೆಂಪು ತೆನೆಯ ಹೊಲಗಳು. ಅದು ಜೋಳವೇ. ಇಲ್ಲಿನ ರೈತರು ಮೈಲೋ ಅಂತಾರೆ. ಜಗತ್ತಿನಲ್ಲಿ ಅತಿ ಜಾಸ್ತಿ ಜೋಳ ಬೆಳೆಯುವ ದೇಶ ಅಮೆರಿಕ. ಅದರಲ್ಲೂ ಕಾನ್ಸಾಸ್ ಮುಂದು, ಆಮೇಲೆ ನಮ್ಮ ಟೆಕ್ಸಾಸ್. ನಮ್ಮೂರ ಬಿಳಿಜೋಳದ ಹೊಲದೊಳಗೆ ಹೊಕ್ಕರೆ ಮನುಷ್ಯ ಕಾಣುವುದಿಲ್ಲ. ಇಲ್ಲಿನದು ಸೊಂಟದ ಮಟ್ಟಕ್ಕೆ ನಿಲ್ಲುತ್ತದೆ. ಯಂತ್ರದಲ್ಲಿ ಕೊಯ್ಯಲು ಸುಲಭವಾಗಲಿ ಎಂದು ಬೆಳೆಸಿದ ಗಿಡ್ಡ ತಳಿ. ಅದರಲ್ಲಿ ಬಹುಪಾಲು ದನಗಳ ಮೇವಿಗೆ, ಎಥನಾಲ್‌ಗೆ, ರಫ್ತಿಗೆ ಹೋಗುತ್ತದೆ. ಸುತ್ತಲೂ ಜೋಳ ಇಟ್ಟುಕೊಂಡು ನಾವು ಹಡಗಿನಲ್ಲಿ ಬಂದ ಹಿಟ್ಟು ಕೊಳ್ಳುತ್ತೇವೆ, ನೋಡಿ!

ಆ ಹಿಟ್ಟಿನದ್ದೇ ಗೋಳು. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿ ನಾದಿದರೇ ಹಿಟ್ಟು ಒಂದಕ್ಕೊಂದು ಹಿಡಿಯುವುದು. ಬೀಸಿ ತಿಂಗಳುಗಟ್ಟಲೆ ಆದ ಹಿಟ್ಟಿಗೆ ಜಿಗಿ ಕಮ್ಮಿ, ಬಡಿಯುವಾಗ ಅಂಚೆಲ್ಲ ಸೀಳುತ್ತದೆ. ಹೊಸದಾಗಿ ಬಂದವರು ತಮ್ಮ ಕೈಗುಣ ಹಾಳಾಯಿತು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈಯದ್ದಲ್ಲ, ಹಿಟ್ಟಿನದ್ದು. ಇಲ್ಲಿನ ಆರೋಗ್ಯದ ತಿನಿಸಿನ ಅಂಗಡಿಗಳಲ್ಲಿ ಸೋರ್ಗಮ್ ಹೆಸರಿನಲ್ಲಿ ಇಡೀ ಬಿಳಿ ಕಾಳು ಸಿಗುತ್ತದೆ. ಅದನ್ನು ಮನೆಯಲ್ಲೇ ಬೀಸಿಕೊಂಡು ಬೇಗ ಮುಗಿಸಿ. ನಮ್ಮ ಕಡೆಯ ಮಾಲದಂಡಿ ತಳಿಯ ಜೋಳದ ಆ ಸಿಹಿ ಬರುವುದಿಲ್ಲ, ಆದರೆ ರೊಟ್ಟಿ ಉಬ್ಬುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ರಾತ್ರಿ ಬಡಿಯಬೇಡಿ. ನಮ್ಮ ಕೆಳಗಿನ ಮನೆಯವರು ಒಮ್ಮೆ ಬಾಗಿಲು ತಟ್ಟಿ, ಗೋಡೆಗೆ ಮೊಳೆ ಹೊಡೆಯುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಿ ಅಂದರು. ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಇಟ್ಟು ಕೊಟ್ಟೆವು. ಹಿಂಡಿ ಬಹಳ ಮೆಚ್ಚಿದರು. ಸದ್ದನ್ನು ಮಾತ್ರ ಮೆಚ್ಚಲಿಲ್ಲ.

ಗುರೆಳ್ಳು ಇನ್ನೂ ತಮಾಷೆ. ಹಿಂಡಿ ಕುಟ್ಟುವ ಆ ಕಪ್ಪು ಕಾಳನ್ನು ಇಲ್ಲಿ ತೋಟದ ಸಾಮಾನಿನ ಅಂಗಡಿಯಲ್ಲಿ ಚೀಲಗಟ್ಟಲೆ ಮಾರುತ್ತಾರೆ, ಹಕ್ಕಿಗಳಿಗೆ! ಗೋಲ್ಡ್‌ಫಿಂಚ್ ಎಂಬ ಹಳದಿ ಹಕ್ಕಿಗೆ ಅದು ಪಂಚಪ್ರಾಣ. ಇಥಿಯೋಪಿಯಾದಿಂದ, ಭಾರತದಿಂದ ಬರುವ ಈ ಕಾಳಿನ ಜೊತೆ ಕಳೆಯ ಬೀಜವೂ ಬಂದು ಮೊಳೆಯಬಾರದು ಅಂತ ಬಿಸಿ ಮಾಡಿಯೇ ದೇಶದೊಳಗೆ ಬಿಡುವ ನಿಯಮವಿದೆ. ಆ ಚೀಲ ನೋಡಿ ಆಸೆಪಡಬೇಡಿ, ಅದು ಮನುಷ್ಯರು ತಿನ್ನಲು ಸ್ವಚ್ಛ ಮಾಡಿದ್ದಲ್ಲ. ಮರಾಠಿಯವರು ಹೋಗುವ ಅಂಗಡಿಯಲ್ಲಿ ಕಾರಳೆ ಅಂತ ಕೇಳಿ, ಸಿಗುತ್ತದೆ. ಪುಂಡಿಪಲ್ಯ ಎಂಬ ಹುಳಿ ಸೊಪ್ಪು ಬೇಕಾದರೆ ತೆಲುಗಿನವರ ಗೋಂಗೂರ ಇದ್ದೇ ಇದೆ.

ಅಂದರೆ ಹುಡುಕಿದರೆ ಸಾಮಾನು ಎಲ್ಲ ಸಿಗುತ್ತದೆ. ಆದರೂ ಊಟ ಮುಗಿಸಿ ಏಳುವಾಗ ಏನೋ ಕಮ್ಮಿ ಅನಿಸುತ್ತದೆ ಅಲ್ವಾ? ನನಗೆ ಕಮ್ಮಿ ಅನಿಸುವುದು ಒತ್ತಾಯ.

ನಮ್ಮ ಕಡೆ ಮೊದಲನೇ "ಬ್ಯಾಡ್ರಿ" ಲೆಕ್ಕಕ್ಕೇ ಇಲ್ಲ. ಎರಡನೆಯದೂ ಇಲ್ಲ. ತಾಟಿಗೆ ಕೈ ಅಡ್ಡ ಹಿಡಿದರೂ, ಕೈ ಸರಿಸಿ ಬಿಸಿ ರೊಟ್ಟಿ ಬೀಳುತ್ತದೆ. ಮೇಲೆ ಬೈಗುಳ ಬೇರೆ: "ತಿನ್ನೋ ವಯಸ್ಸಿನ್ಯಾಗ ತಿನ್ನಲಿಲ್ಲಂದ್ರ ಇನ್ಯಾವಾಗ ತಿಂತಿ?" ಇಲ್ಲಿ ಯಾರದ್ದಾದರೂ ಮನೆಗೆ ಹೋಗಿ ನಾಚಿಕೆಗೆ "ಸಾಕು" ಅಂದರೆ ಪಾತ್ರೆ ಸೀದಾ ಫ್ರಿಜ್ಜಿಗೆ ಹೋಗುತ್ತದೆ. ನಮ್ಮ ಕಡೆಯವರೂ ಹಾಗೇ ಆಗಿಬಿಟ್ಟಿದ್ದೇವೆ.

ಮಕ್ಕಳ ವಿಷಯದಲ್ಲಿ ಇದು ಸ್ವಲ್ಪ ಇಕ್ಕಟ್ಟು. ಬೇಡ ಅಂದರೆ ಬೇಡ, ಅದನ್ನು ಎಲ್ಲರೂ ಕೇಳಬೇಕು ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಒಳ್ಳೆಯ ಪಾಠ. ಅಜ್ಜಿಯ ರೊಟ್ಟಿಗಾಗಿ ನಾನದನ್ನು ಕೆಡಿಸುವವಳಲ್ಲ. ಆದರೆ ಊರಿಗೆ ಹೋದಾಗ ನನ್ನ ಮಗ ಅಳುವ ಹಾಗಾಗಿದ್ದ. ಬೇಡ ಅಂದಷ್ಟೂ ಆಯಿ, ಅಂದರೆ ಅಜ್ಜಿ, ಹಾಕುತ್ತಿದ್ದರು. ನಾನು ಇಬ್ಬರಿಗೂ ಹೇಳಿದೆ. ಆಯಿಗೆ, ಹುಡುಗ ನಿಜವಾಗಿಯೂ ಬೇಡ ಅಂತಿದ್ದಾನೆ, ಕೇಳು ಅಂದೆ. ಅವನಿಗೆ, ಇದು ಆಯಿಯ ಆಟ, ನೀನೂ ಆಡು ಅಂದೆ. ಆಯಿ ಬದಲಾಗಲಿಲ್ಲ. ಹುಡುಗ ಜಾಣ, ಎರಡು ರೊಟ್ಟಿ ಬೇಕಿದ್ದಾಗ ಒಂದಕ್ಕೇ "ಬ್ಯಾಡ" ಅನ್ನುವುದು ಕಲಿತ.

ಮಾತಿನ ಜೋರೂ ಹಾಗೇ. ವಿಡಿಯೊ ಕರೆಯಲ್ಲಿ ಮುತ್ಯಾ (ಅಜ್ಜ) ಮಾತಾಡಿದರೆ ಮಗಳು ನನ್ನ ಕಡೆ ತಿರುಗಿ, ಯಾಕೆ ಸಿಟ್ಟಾಗಿದ್ದಾರೆ ಅಂತ ಕೇಳುತ್ತಿದ್ದಳು. ಪಾಪ, ಅವರು ಕೇಳಿದ್ದು ಇಲ್ಲಿ ಮಳೆ ಆಯಿತೇನು ಅಂತ. ಇಂಥದ್ದನ್ನು ಕೂರಿಸಿಕೊಂಡು ಹೇಳಿಕೊಡಲು ಆಗುವುದಿಲ್ಲ. ನಾಲ್ಕು ಮಂದಿ ಸೇರಿ ಜೋರಾಗಿ ನಗುವುದನ್ನು, ಬೈಯುವುದನ್ನು, ಬಡಿಸುವುದನ್ನು ಮಕ್ಕಳು ನೋಡಬೇಕು.

ಅದಕ್ಕೇ ಒಂದು ಕೋರಿಕೆ. ರಾಜ್ಯೋತ್ಸವದ ಊಟ ಹೇಗಿದೆಯೋ ಹಾಗೇ ಇರಲಿ, ಅಷ್ಟು ಜನಕ್ಕೆ ರೊಟ್ಟಿ ಬಡಿಯಲು ನನ್ನಿಂದಲೂ ಆಗದು. ಆದರೆ ಡಿಸೆಂಬರ್–ಜನವರಿಯಲ್ಲಿ ಬರುವ ಎಳ್ಳು ಅಮಾವಾಸ್ಯೆಗೆ ಪಾರ್ಕಿನಲ್ಲಿ ಸೇರೋಣ. ಊರಿನಲ್ಲಿ ಅವತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಅಂದರೆ ನೈವೇದ್ಯದ ಅಡುಗೆ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಗಾಯಿ, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿಕೊಂಡು ಕೂರುತ್ತಾರೆ. ಇಲ್ಲಿ ಹೊಲ ಇಲ್ಲ, ಹುಲ್ಲುಹಾಸು ಇದೆ. ಮಂಡ್ಯದವರು, ಮಂಗಳೂರಿನವರು, ಶಿರಸಿಯವರು ತಮ್ಮ ತಮ್ಮ ಮನೆಯದ್ದನ್ನೇ ತರಲಿ. ಬಫೆ ಮಾತ್ರ ಬೇಡ. ಸಾಲಾಗಿ ಕೂರಿಸಿ, ರೊಟ್ಟಿ ಬುಟ್ಟಿಯನ್ನು ಮಕ್ಕಳ ಕೈಗೆ ಕೊಡೋಣ. ದೊಡ್ಡವರು ಯಾರೇ ಸಾಕು ಅಂದರೂ ಇನ್ನೊಂದು ಹಾಕುವುದು ಅವರ ಕೆಲಸ.

ರೊಟ್ಟಿ, ಎಣ್ಣಗಾಯಿ ನನ್ನ ಪಾಲು. ಮಜ್ಜಿಗೆ ಯಾರು ತರುತ್ತೀರಿ ಈಗಲೇ ಹೇಳಿ. ಹಿಂಡಿ ಖಾರ ಇರುತ್ತದೆ, ಮಜ್ಜಿಗೆ ಜಾಸ್ತಿಯೇ ಬೇಕಾಗುತ್ತದೆ.