ಕ್ಯಾನ್ ಮೇಲಿದ್ದ ಪೀಚ್ ಎಲ್ಲಿಗೋಯ್ತು?

"ಯಾರಿಗಾದ್ರೂ ಪೀಚ್ ವಾಸನೆ ಬರ್ತಿದ್ಯಾ?" ಅಂದ ಸೀನ, ಪೀಚ್ ಸಾವರ್ ಬಿಯರ್, ಅಂದ್ರೆ ಹುಳಿ ಬಿಯರ್, ಎಲ್ಲರ ಗ್ಲಾಸಿಗೂ ಸುರಿದು. ಕೇಳಿದ ಧಾಟಿಯಲ್ಲೇ ಗೊತ್ತಾಗ್ತಿತ್ತು, ಅವನಿಗೂ ಬಂದಿಲ್ಲ ಅಂತ.

ಪಮ್ಮಿ ಗ್ಲಾಸೊಳಗೆ ಮೂಗು ತೂರಿಸಿ ಸುಮಾರು ಹೊತ್ತು ಹುಡುಕಿದ್ಲು. "ಬರ್ತಿದೆ ಕಣೋ. ಗ್ಲಾಸಿಂದ ಅಲ್ಲ, ಕ್ಯಾನ್ ಮೇಲಿನ ಚಿತ್ರ ನೋಡಿದ್ರೆ ಬರತ್ತೆ."

ಚಿತ್ರದ ಬಗ್ಗೆ ಮಾತ್ರ ಎರಡು ಮಾತಿಲ್ಲ ಬಿಡಿ. ಹೋಳು ಮಾಡಿದ ಪೀಚು, ರಸ ತೊಟ್ಟಿಕ್ತಾ ಇದೆ, ಹಿಂದ್ಗಡೆ ಸೂರ್ಯ ಬೇರೆ ಮುಳುಗ್ತಿದಾನೆ. ಆ ಆರ್ಟಿಸ್ಟ್‌ಗೆ ಕೊಟ್ಟ ದುಡ್ಡಲ್ಲಿ ಅರ್ಧ ಹಣ್ಣಿಗೆ ಹಾಕಿದ್ರೆ ನಾವಿಲ್ಲಿ ತನಿಖೆ ಮಾಡ್ತಾ ಕೂರೋ ಪ್ರಮೇಯನೇ ಬರ್ತಿರಲಿಲ್ಲ. ನಾನೂ ಒಂದು ಗುಟುಕು ಎಳೆದೆ, ನಾಲಿಗೆ ಎರಡೂ ಪಕ್ಕ ಚುರ್ ಅಂತು, ಆಹಾ ಶುರುವಾಯ್ತು ಅಂದ್ಕೊಂಡು ಕಾದೆ, ಕಾದೆ, ಅಷ್ಟೇ, ಮುನ್ನುಡಿ ಓದಿ ಪುಟ ತಿರುಗಿಸಿದ್ರೆ ಪುಸ್ತಕನೇ ಮುಗಿದೋದಂಗೆ.

"ಅಭ್ಯಾಸ ಆಗ್ಬೇಕು ಕಣ್ರೋ ಸಾವರ್ ಬಿಯರ್ ಎಲ್ಲ," ಅಂದ ಸೀನ. ತಂದವನು ಅವನೇ, ದುಡ್ಡು ಹಾಕಿದವನಿಗೆ ರುಚಿ ಸ್ವಲ್ಪ ಜಾಸ್ತಿನೇ ಗೊತ್ತಾಗತ್ತೆ.

"ಅಭ್ಯಾಸ ಆಗೋಕೆ ಇನ್ನೊಂದು ಸಲ ಕುಡೀಬೇಕಲ್ಲೋ," ಅಂದ್ಲು ಪಮ್ಮಿ.

ಮನೇಲೇ ಬಿಯರ್ ಕಾಯಿಸೋ ಗಿರಿ ಇದಕ್ಕೇ ಕಾಯ್ತಿದ್ದ ಅನ್ಸತ್ತೆ. ಅವನನ್ನ ಯಾರೂ ಕೇಳಿರಲಿಲ್ಲ, ಅದು ಅವನಿಗೆ ಯಾವತ್ತೂ ಅಡ್ಡಿ ಆಗಿಲ್ಲ. "ನೋಡಿ, ಪೀಚ್ ಅಂದ ತಕ್ಷಣ ನಮ್ಮ ತಲೇಲಿ ಬರೋದು ಸಿಹಿ. ಆ ಸಕ್ಕರೆನ ಬಿಯರ್ ಹುದುಗಿಸೋ ಯೀಸ್ಟ್ ಮೊದಲೇ ತಿಂದು ಮುಗ್ಸಿರತ್ತೆ. ಉಳಿಯೋದು ಹುಳಿ, ಒಂಚೂರು ಪರಿಮಳ. ಆ ಪರಿಮಳನೂ ಹುದುಗುವಾಗ ಬರೋ ಗ್ಯಾಸ್ ಜೊತೆ ಹಾರೋಗ್ತಾ ಇರತ್ತೆ. ಚೆರ್ರಿ, ರಾಸ್ಪ್‌ಬೆರಿ ಆದ್ರೆ ಜೋರಿರ್ತಾವೆ, ತಡ್ಕೋತಾವೆ. ಪೀಚ್ ಪಾಪದ್ದು, ಸಿಕ್ಕಾಪಟ್ಟೆ ಸುರೀಬೇಕು, ಇಲ್ಲಾಂದ್ರೆ ಗೊತ್ತೇ ಆಗಲ್ಲ."

"ಇವರು ಎಷ್ಟು ಸುರಿದಿದಾರೆ ನೋಡೋಣ ತಾಳು," ಅಂತ ಪಮ್ಮಿ ಕ್ಯಾನ್ ತಿರುಗಿಸಿ ಇರುವೆ ಕಾಲಷ್ಟು ಸಣ್ಣಕ್ಷರ ಓದಿದ್ಲು. ನೀರು, ಮಾಲ್ಟ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಕಹಿ ಕೊಡೋ ಹಾಪ್ಸ್ ಹೂವು, ಯೀಸ್ಟ್, ಎಲ್ಲಾ ಮುಗಿದ ಮೇಲೆ ಕಟ್ಟಕಡೇಲಿ ಪೀಚ್ ಕಾನ್ಸಂಟ್ರೇಟ್, ಅದರ ಪಕ್ಕ ಫ್ಲೇವರ್. "ಹಣ್ಣು ಗೆಸ್ಟ್ ಅಪಿಯರೆನ್ಸ್ ಕೊಟ್ಟಿದೆ ಕಣ್ರೋ."

ಸೀನಂಗೆ ಸ್ವಲ್ಪ ಬೇಜಾರಾಯ್ತು. "ಹಂಗಾದ್ರೆ ಈ ಹಣ್ಣಿನ ಸಾವರ್ ಎಲ್ಲಾ ಮೋಸನಾ?"

ಇಲ್ಲಿ ಗಿರಿ ನಿಜವಾಗ್ಲೂ ಎದ್ದು ಕೂತ. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಮಾಡೋ ಲ್ಯಾಂಬಿಕ್ ಅನ್ನೋ ಹುಳಿ ಬಿಯರ್ ಇದ್ಯಲ್ಲ, ಅದಕ್ಕೆ ಯೀಸ್ಟನ್ನೇ ಹಾಕಲ್ವಂತೆ, ಕುದಿಸಿದ ಮಾಲ್ಟ್ ನೀರನ್ನ ಚಳಿಗಾಲದ ರಾತ್ರಿ ಅಗಲವಾದ ಗಂಗಾಳದಂಥದ್ರಲ್ಲಿ ತೆರೆದಿಟ್ಟು ಬಿಡ್ತಾರೆ, ಗಾಳೀಲಿರೋ ಸೂಕ್ಷ್ಮಜೀವಿಗಳೇ ಬಂದು ಕೆಲಸ ಶುರು ಮಾಡ್ತಾವೆ, ಆಮೇಲೆ ಮರದ ಪೀಪಾಯೀಲಿ 1 ವರ್ಷ, 2 ವರ್ಷ, 3 ವರ್ಷ. ಅದರೊಳಗೆ ಹುಳಿ ಚೆರ್ರಿ ಹಾಕಿ ತಿಂಗಳುಗಟ್ಟಲೆ ನೆನೆಸಿದ್ರೆ ಕ್ರೀಕ್ ಅನ್ನೋ ಬಿಯರ್. ಅದು ಕುಡಿದವರು ಇಷ್ಟ ಆಗ್ಲಿಲ್ಲ ಅನ್ನಬಹುದು, ಆದ್ರೆ ಚೆರ್ರಿ ಎಲ್ಲಿ ಅಂತ ಕೇಳಲ್ಲ.

"ಮತ್ತೆ ಇದು?"

"ಇದು ಕೆಟಲ್ ಸಾವರ್. ಹಾಲು ಮೊಸರಾಗ್ಸತ್ತಲ್ಲ, ಲ್ಯಾಕ್ಟೊಬ್ಯಾಸಿಲಸ್, ಆ ಬಳಗದ್ದನ್ನ ಪಾತ್ರೆಗೆ ಬಿಟ್ಟು ಬೆಚ್ಚಗಿಟ್ರೆ ಒಂದೆರಡು ದಿನದಲ್ಲಿ ಹುಳಿ ರೆಡಿ. ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ, ಮಾಮೂಲಿ ಬಿಯರ್ ಪಿಎಚ್ 4ರಿಂದ 4.5, ಇದು 3.2, 3.5ಕ್ಕೆ ಇಳಿಯತ್ತೆ. ಆಮೇಲೆ ಕುದಿಸಿ ಆ ಬ್ಯಾಕ್ಟೀರಿಯಾನ ಸಾಯಿಸಿ, ಯೀಸ್ಟ್ ಹಾಕಿ ಮುಂದಕ್ಕೆ ಹೋಗೋದು. ತಪ್ಪೇನಿಲ್ಲ, ಚೆನ್ನಾಗಿ ಮಾಡೋರೂ ಇದಾರೆ. ಆದ್ರೆ ಆ ಹುಳಿಗೆ ಒಂದೇ ಮುಖ, ಮಿಕ್ಕಿದ್ದನ್ನೆಲ್ಲ ಹಣ್ಣೇ ನೋಡ್ಕೋಬೇಕು."

"ಅಂದ್ರೆ ಹುಳಿ ಡ್ಯೂಟಿಗೆ ಬಂದಿದೆ, ಹಣ್ಣು ರಜಾ ಹಾಕಿದೆ," ಅಂದ್ಲು ಪಮ್ಮಿ.

ನನ್ನ ತಕರಾರು ಬೇರೆ. ಮುಖ ಕಿವುಚೋಹಂಗೆ ಹುಳಿ ಇದ್ದಿದ್ರೂ ನಾನು ಮರ್ಯಾದೆ ಕೊಡ್ತಿದ್ದೆ. ಇದು ಯಾರಿಗೂ ನೋವಾಗ್ಬಾರ್ದು ಅಂತ ಹುಳೀನೂ ಅರ್ಧ, ಹಣ್ಣೂ ಅರ್ಧ. ಹಾಪ್ಸ್ ಕಹಿ ಆದ್ರೂ ಇರತ್ತಾ ಅಂದ್ರೆ ಅದೂ ಇಲ್ಲ, ಹಾಪ್ಸ್ ಜಾಸ್ತಿ ಇದ್ರೆ ಆ ಬ್ಯಾಕ್ಟೀರಿಯಾ ಏಳೋದೇ ಇಲ್ವಂತಲ್ಲ.

"ತುಂಬಾ ತಣ್ಣಗಿದೆ, ಅದಕ್ಕೇ ವಾಸನೆ ಏಳ್ತಿಲ್ಲ, ಸ್ವಲ್ಪ ಹೊತ್ತು ಬಿಡಿ," ಅಂದ ಗಿರಿ. ಬಿಟ್ವಿ. ವಾಸನೆ ಎದ್ದಿತು ಕೂಡ. ಬೆಣ್ಣೆ! ಥೇಟ್ ಥಿಯೇಟರ್ ಪಾಪ್‌ಕಾರ್ನ್. ಗಿರಿ ಮುಖ ಒಂಥರಾ ಮಾಡ್ಕೊಂಡು, ಅದು ಡೈಅಸಿಟೈಲ್, ಹುದುಗುವಾಗ ಹುಟ್ಟೋ ಬೆಣ್ಣೆ ವಾಸನೆ ವಸ್ತು, ಕೊನೇಲಿ ಒಂದೆರಡು ದಿನ ಜಾಸ್ತಿ ಬಿಟ್ಟಿದ್ರೆ ಯೀಸ್ಟೇ ಅದನ್ನ ವಾಪಸ್ ಹೀರ್ಕೊಂಡು ಕ್ಲೀನ್ ಮಾಡಿರೋದು, ಅವಸರ ಮಾಡಿದಾರೆ ಅಂದ.

"ತಣ್ಣಗಿದ್ದಾಗಲೇ ವಾಸಿಯಿತ್ತು," ಅಂತ ಕೊನೆಗೂ ಸೀನನೇ ಒಪ್ಕೊಂಡ.

ಆಮೇಲೆ ರಿಪೇರಿ ಕೆಲಸ. ಬರ್ಲಿನ್ನವರು ತಮ್ಮ ಹುಳಿ ಬಿಯರ್, ಬರ್ಲಿನರ್ ವೈಸ್‌ಗೆ ಕೆಂಪು ಇಲ್ಲ ಹಸಿರು ಸಿರಪ್ ಹಾಕ್ಕೊಂಡೇ ಕುಡೀತಾರೆ, ಕೆಂಪು ರಾಸ್ಪ್‌ಬೆರೀದು, ಹಸಿರು ವುಡ್‌ರಫ್ ಅನ್ನೋ ಸೊಪ್ಪಿಂದು, ನಾಚಿಕೆ ಏನೂ ಇಲ್ಲ ಅಂತ ಗಿರಿ ಧೈರ್ಯ ಕೊಟ್ಟ ಮೇಲೆ ಪಮ್ಮಿ ಫ್ರಿಜ್ಜಲ್ಲಿದ್ದ ಜಾಮ್ ಒಂದು ಚಮಚ ಕಲಸಿದ್ಲು. ಭುಸ್ ಅಂತ ನೊರೆ ಉಕ್ಕಿ ಟೇಬಲ್ ಎಲ್ಲಾ ಆಯ್ತು. ಉಳಿದಿದ್ದನ್ನ ಕುಡಿದು ನೋಡಿದ್ರೆ, ನಿಜ ಹೇಳ್ತೀನಿ, ಮೊದಲಿಗಿಂತ ಪರವಾಗಿಲ್ಲ. ಜಾಮ್ ಸ್ಟ್ರಾಬೆರೀದು.

"ಇನ್ನೂ ಮೂರು ಕ್ಯಾನ್ ಇದೆ," ಅಂದ ಸೀನ ಮೆಲ್ಲಗೆ. "ಗಿರಿ, ಲ್ಯಾಂಬಿಕ್ ಥರ ಇದನ್ನೂ ಮೂರು ವರ್ಷ ಇಟ್ರೆ ಚೆನ್ನಾಗಾಗತ್ತಾ?"

"ಇಲ್ಲ ಕಣೋ, ಪಾಶ್ಚರೈಸ್ಡ್ ಅಂತ ಬರ್ದಿದಾರೆ. ಒಳಗೆ ಜೀವ ಇರೋದೇ ಇಲ್ಲ, ಇಟ್ರೆ ಇರೋ ಒಂಚೂರು ವಾಸನೆನೂ ಹೋಗತ್ತೆ."

"ಹಂಗಾದ್ರೆ ಇಡೋಣ," ಅಂದ್ಲು ಪಮ್ಮಿ. "ಮೂರು ವರ್ಷ ಕುಡಿಯೋದಾದ್ರೂ ತಪ್ಪತ್ತೆ."