ಅಡಿಕೆ ಕೊನೆಗೆ (ಗೊಂಚಲಿಗೆ) ಡ್ರೋನಿನಿಂದ ಔಷಧಿ: ಏರೋಸ್ಪೇಸ್ ಪ್ರಾಜೆಕ್ಟ್ ಆಗುತ್ತಾ?

ಪ್ರಶ್ನೆ

ನಾನು ಏರೋಸ್ಪೇಸ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ಊರು ತೀರ್ಥಹಳ್ಳಿ ಹತ್ತಿರ, ಮನೆಯಲ್ಲಿ ಅಡಿಕೆ ತೋಟ. ಏರೋಡೈನಮಿಕ್ಸ್, ಪ್ರೊಪಲ್ಷನ್, ಫ್ಲೈಟ್ ಮೆಕ್ಯಾನಿಕ್ಸ್ ಮುಗಿದಿವೆ. ಕ್ಲಾಸಿನವರಿಗೆಲ್ಲ ರಾಕೆಟ್ ಮೇಲೆ ಆಸೆ. ನನ್ನ ತಲೆಯಲ್ಲಿ ಕೂತಿರುವುದು ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗ.

ಕಳೆದ ಜೂನಿನಲ್ಲಿ ಅದರ ಔಷಧಿ ಬೋರ್ಡೋ ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗಲಿಲ್ಲ. ಅಪ್ಪ ಬಾಡಿಗೆ ಡ್ರೋನ್ ತರಿಸಿದರು. ಆಮೇಲೆ ನೋಡಿದರೆ ಸೋಗೆ (ಅಡಿಕೆ ಮರದ ಗರಿ) ಮೇಲೆಲ್ಲ ಔಷಧಿಯ ನೀಲಿ. ಅದರಡಿ ತೂಗುವ ಕೊನೆಯಲ್ಲಿ, ಒಳಗಿನ ಕಾಯಿಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ಆಗಸ್ಟಿನಲ್ಲಿ ಬಿಳಿ ಬೂಷ್ಟು ಹಿಡಿದ ಕಾಯಿಗಳನ್ನು ಅಮ್ಮ ಬುಟ್ಟಿಗಟ್ಟಲೆ ಹೆಕ್ಕಿದರು.

ರೋಟರ್ ಕೆಳಗೆ ತಳ್ಳುವ ಗಾಳಿ ಹನಿಗಳನ್ನು ಸೋಗೆ ದಾಟಿಸಿ ಕೊನೆಗೆ ಮುಟ್ಟಿಸುವುದು ಹೇಗೆ? ಇದನ್ನೇ ಓದಬೇಕು ಅಂತ ಆಸೆ. ಎಲೆಕ್ಟಿವ್‌ಗೆ (ಐಚ್ಛಿಕ ವಿಷಯಕ್ಕೆ) ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಿಎಫ್‌ಡಿ ತಗೊಳ್ಳಲಾ, ಹೆಲಿಕಾಪ್ಟರ್ ಏರೋಡೈನಮಿಕ್ಸ್ ತಗೊಳ್ಳಲಾ?

ಉತ್ತರ 1 (ರೋಟರ್ ಮೇಲೆ ಪಿಎಚ್‌ಡಿ ಮಾಡುತ್ತಿರುವವನು)

ಹೆಲಿಕಾಪ್ಟರ್ ತಗೊಳ್ಳಿ. ಕಂಪ್ಯೂಟರ್ ಕೊಟ್ಟ ಉತ್ತರ ಸರಿಯಾ ಅಂತ ನೋಡಲು ಮೊದಲು ಕೈಲೆಕ್ಕ ಬರಬೇಕು. ಮೊಮೆಂಟಮ್ ಥಿಯರಿ ಹಾಕಿ, ಅಂದರೆ ಭಾರ ಹೊರಲು ರೋಟರ್ ಎಷ್ಟು ವೇಗದಲ್ಲಿ ಗಾಳಿ ಕೆಳಗೆ ತಳ್ಳಬೇಕು ಅನ್ನುವ ಲೆಕ್ಕ. ಔಷಧಿ ಸೇರಿ 25 ಕೆಜಿ ಡ್ರೋನ್, 75 ಸೆಂ.ಮೀ. ವ್ಯಾಸದ ಆರು ರೋಟರ್ ಅಂದುಕೊಳ್ಳಿ. ರೋಟರ್ ಹತ್ತಿರ ಗಾಳಿ ಸೆಕೆಂಡಿಗೆ ಸುಮಾರು 6 ಮೀಟರ್, ಲೆಕ್ಕದ ಪ್ರಕಾರ ಕೆಳಗೆ ಅದರ ಎರಡರಷ್ಟು. 200 ಮೈಕ್ರಾನ್ (0.2 ಮಿ.ಮೀ.) ಹನಿ ನಿಂತ ಗಾಳಿಯಲ್ಲಿ ಬೀಳುವುದು ಸೆಕೆಂಡಿಗೆ 1 ಮೀಟರಿಗೂ ಕಡಿಮೆ. ಅಂದರೆ ಹನಿಯನ್ನು ಓಡಿಸುವುದು ಗಾಳಿಯೇ. ದಪ್ಪ ಹನಿ ತಿರುಗಲಾರದೆ ಸೋಗೆಗೆ ಬಡಿಯುತ್ತದೆ. ತೀರಾ ಸಣ್ಣದು ಪಕ್ಕದ ತೋಟಕ್ಕೆ ತೇಲಿ ಹೋಗುತ್ತದೆ. ನಡುವಿನ ಅಳತೆ ಹುಡುಕಿ, ಅದೇ ನಿಮ್ಮ ಪ್ರಾಜೆಕ್ಟ್.

ಉತ್ತರ 2 (ಹೊಸನಗರದ ಕೃಷಿಕ)

ನಾವು ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಹೊಡೆಯುತ್ತೇವೆ. ನಾಝಲ್ ಕೊನೆಯ ಅಡಿಯಿಂದ, ಪಕ್ಕದಿಂದ ಹೋಗುತ್ತದೆ. ಡ್ರೋನ್‌ಗೆ ಆ ದಾರಿ ಇಲ್ಲ ಅಲ್ವಾ? ಇನ್ನೊಂದು ಮಾತು. ಬೋರ್ಡೋ ಅಂದರೆ ಬರೀ ನೀರಲ್ಲ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಸರಿಯಾಗಿ ಸೋಸದಿದ್ದರೆ ಸುಣ್ಣದ ಚರಟ ಸಣ್ಣ ನಾಝಲಿನಲ್ಲಿ ಕಟ್ಟಿಕೊಳ್ಳುತ್ತದೆ. ಸುಮ್ನೆ ನೀರಿನಲ್ಲಿ ಪ್ರಯೋಗ ಮಾಡಿ ಬರೆದರೆ ನಮಗೆ ಉಪಯೋಗ ಇಲ್ಲ.

ಕೇಳಿದವಳು

ಲೆಕ್ಕ ಹಾಕಿದೆ, 6.2 ಬಂತು! ಹೆಲಿಕಾಪ್ಟರಿಗೇ ಹೆಸರು ಕೊಟ್ಟೆ. ಸುಣ್ಣದ ವಿಷಯ ನನಗೆ ಹೊಳೆದೇ ಇರಲಿಲ್ಲ, ತುಂಬಾ ಉಪಕಾರ ಆಯಿತು. ರಜೆಯಲ್ಲಿ ಸೋಗೆ ಮೇಲೆ, ಕೊನೆಯ ಹೊರಗೆ, ಒಳಗೆ ವಾಟರ್ ಸೆನ್ಸಿಟಿವ್ ಪೇಪರ್ ಕಟ್ಟುತ್ತೇನೆ. ಹನಿ ಬಿದ್ದಲ್ಲಿ ಹಳದಿ ಕಾಗದ ನೀಲಿ ಆಗುತ್ತದೆ. ಮೊದಲು ದೋಟಿಯಲ್ಲಿ ಹೊಡೆದು ಎಣಿಸಬೇಕು, ಆಮೇಲೆ ಡ್ರೋನ್. ಹೊಸನಗರದವರೇ, ಮಳೆಗೆ ಮುಂಚೆ ನಿಮ್ಮ ದೋಟಿ ಎರಡು ದಿನ ಸಿಗುತ್ತಾ?